ಕುಗ್ಗುವ ಅಳತೆ

ಅಪ್ಪನ ಅಳತೆಪಟ್ಟಿ ಸುಳ್ಳು ಹೇಳುತ್ತದೆ.
ಅಂಗಡಿಯ ಪಟ್ಟಿಯ ಪಕ್ಕ ಇಟ್ಟು ನೋಡಿ,
ನೂರು ಅಂಗುಲಕ್ಕೆ ಒಂದಂಗುಲ ಉದ್ದ.
ಕರಗಿದ ಬೀಡು ಆರುತ್ತ ಆರುತ್ತ
ಅಷ್ಟನ್ನು ತಾನೇ ನುಂಗಿಕೊಳ್ಳುತ್ತದೆ,
ನುಂಗುವಷ್ಟನ್ನು ಮೊದಲೇ ಬಡಿಸಿಡಬೇಕು
ಎನ್ನುತ್ತಿದ್ದ, ಕಿವಿಸಂದಿಯ ಪೆನ್ಸಿಲ್ ತೆಗೆದು.
ಪಟ್ಟಿ ನನಗೆಂದು ಇಟ್ಟದ್ದಲ್ಲ. ತಮ್ಮನಿಗೆ.
ತಮ್ಮ ಮೊಬೈಲ್ ಅಂಗಡಿ ಇಟ್ಟ.

ಭೋಸರಿಯ ನಮ್ಮ ಶೆಡ್ಡಿಗೆ ಮಿನೋಚೆರ್ ಭಾಠೇನಾ
ಗೋಣಿಯಲ್ಲಿ ಸುತ್ತಿ ತಂದಿಳಿಸಿದ್ದು ಒಂದು ಹೆಡ್ಡು.
ಸಾಲಾಗಿ ಆರು ಸಿಲಿಂಡರು, ಇಬ್ಬರು ಹೊರುವ ತೂಕ,
ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ
ಕೂದಲೆಳೆಯಂಥ ಬಿರುಕು.
ಮೂರು ಸಲ ಬೆಸುಗೆ ಕಂಡಿದೆ, ಇನ್ನೊಂದನ್ನು ತಾಳದು.
ಕಂಪನಿ ಮುಚ್ಚಿದ್ದು ತಮ್ಮ ಮದುವೆಯಾದ ವರ್ಷ, ಎಂದರು.
ಇಂಥದೇ ಹೊಸದು ಬೇಕು ದೀಕ್ರಿ, ನನಗಷ್ಟೇ ಅಲ್ಲ,
ಹನ್ನೊಂದು ಮಂದಿ ಗಾಡಿಗೆ ಬಟ್ಟೆ ಹೊದಿಸಿ ಕಾದಿದ್ದಾರೆ.

ಒಳಗಿನ ದಾರಿ ತಿಳಿಯಲು ಹಳೆಯದನ್ನು
ಗರಗಸಕ್ಕೆ ಕೊಟ್ಟ ದಿನ
ಅವರು ಹೊರಗೆ, ಟೆಂಪೋದ ಮರೆಯಲ್ಲಿ ನಿಂತಿದ್ದರು.
ನೀರಿನ ಕಾಲುವೆಗಳು ತುಕ್ಕು ತಿಂದು ಕಟ್ಟಿಕೊಂಡಿದ್ದವು.
ಹೊಗೆಬಾಯಿಯ ಹತ್ತಿರ ಗೋಡೆ ಒಂದು ನೂಲು ತೆಳ್ಳಗೆ:
ಎಪ್ಪತ್ತು ವರ್ಷದ ಕೆಳಗೆ ಯಾವನೋ ಒಬ್ಬ
ಊಟದ ಗಂಟೆಯ ಕಡೆ ಕಿವಿಯಿಟ್ಟು
ಮರಳಿನ ಕೋರನ್ನು ಒಂದೆಳೆ ಓರೆಗೆ ಕೂರಿಸಿದ್ದ.
ಅವನನ್ನು ಬೈಯಲಿಲ್ಲ.
ಅವನ ತಪ್ಪನ್ನು ಮಾತ್ರ ನಕಲು ಮಾಡಲಿಲ್ಲ.

ತೇಗದ ಪ್ಯಾಟರ್ನಿಗೆ ಐದು ವಾರ.
ಮೊದಲ ಎರಕದಲ್ಲಿ ಕೋರು ತೇಲಿ ಮೇಲೆ ಬಂತು.
ಎರಡನೆಯದು ಹೊಟ್ಟೆಯೊಳಗೆ ಗುಳ್ಳೆ ಕಟ್ಟಿತ್ತು.
ಮೂರನೆಯದು ಚೆಂದವಿತ್ತು, ಅದಕ್ಕೇ ಅನುಮಾನ,
ನೀರಿಗಿಳಿಸಿದರೆ ಸೋಡಾ ಬಾಟಲಿ!
ನಾಲ್ಕನೆಯದು ಸುರಿಯುವ ಮೊದಲೇ ಕರೆಂಟ್ ಹೋಯಿತು.
ಗುರುವಾರ. ಭೋಸರಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಸುದ್ದಿ ಹೇಗೆ ಮುಟ್ಟಿತೋ, ನಾನಾ ಪೇಠೆಯ ಲುಂಕಡ
ಸ್ಕೂಟರ್ ನಿಲ್ಲಿಸಿ ಒಳಗೆ ಬಂದ.
ಸೋರುವ ಕಡೆ ಒಂದಿಷ್ಟು ಸೊಲ್ಯೂಷನ್ ಬಳಿಯಿರಿ ತಾಯಿ,
ಮೇಲೆ ಆ ಹಳೇ ಕಂಪನಿಯ ಮುದ್ರೆ ಒತ್ತಿಬಿಡಿ,
ಮೂರಕ್ಕೂ ನಗದು. ಒರಿಜಿನಲ್ ಅಂತಲೇ ಹೋಗುತ್ತವೆ.
ಬಾಡಿಗೆ ಬಾಕಿ ಇತ್ತು. ನಾನು ಸುಮ್ಮನಿದ್ದೆ,
ಇದ್ದದ್ದು ನಿಜ, ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು.
ಸುತ್ತಿಗೆ ಎತ್ತಿದವನು ಕುಲುಮೆಯ ಗೈಬಿಸಾಬ.
ಒಡೆಯುತ್ತ ಒಡೆಯುತ್ತ ಅಂದ:
“ನಮ್ಮ ಹೆಸರಿಲ್ಲದ ಮಾಲು, ಖರೆ.
ನಮ್ಮ ಕೈ ಇಲ್ಲದ ಮಾಲಲ್ಲಲ್ಲೋ ಸೇಠ.”
ಮೂರೂ ಮತ್ತೆ ಬೆಂಕಿಗೆ.

ಮುದ್ರೆಯ ಜಾಗ ನಯ ಮಾಡಿ ಖಾಲಿ ಬಿಟ್ಟೆ.
ಈಗಿನ ಪೆಟ್ರೋಲಿನಲ್ಲಿ ಸೀಸವಿಲ್ಲ,
ಕವಾಟ ಕೂರುವ ಕಡೆಗೆಲ್ಲ ಗಟ್ಟಿ ಉಕ್ಕಿನ ಉಂಗುರ.
ಉಂಗುರಗಳನ್ನು ಐಸ್‌ಕ್ಯಾಂಡಿಯವನ ಪೆಟ್ಟಿಗೆಯಲ್ಲಿಟ್ಟು
ಹೆಡ್ಡನ್ನು ಒಲೆಯಲ್ಲಿ ಕಾಯಿಸಿ
ಅದು ಹಿಗ್ಗಿರುವಾಗ, ಇದು ಕುಗ್ಗಿರುವಾಗ
ಒಂದೇ ಪೆಟ್ಟಿಗೆ ಕೂರಿಸಬೇಕು.
ತಡಮಾಡಿದರೆ ಎರಡೂ ತಮ್ಮ ತಮ್ಮ ಹಟಕ್ಕೆ ಮರಳುತ್ತವೆ.

ಇವತ್ತು ಸಂಜೆ ಅದು ತೊಟ್ಟಿಯಲ್ಲಿದೆ.
ಬಿಸಿನೀರು. ಗಾಳಿಯ ಮುಳ್ಳು ಅರವತ್ತರ ಮೇಲೆ.
ಭಾಠೇನಾ ಕನ್ನಡಕ ಒರೆಸುತ್ತಾರೆ, ಬಗ್ಗುತ್ತಾರೆ,
ಆವಿ ಹಿಡಿದು ಮತ್ತೆ ಒರೆಸುತ್ತಾರೆ.
ಒಂದು ಗುಳ್ಳೆ ಎದ್ದಿತು.

ಹೊರಗೆ ಯಾರದೋ ಲಾರಿ ಹಿಂದೆ ಸರಿಯುವ ಸದ್ದು.
ಗೈಬಿಸಾಬ ಮೆಲ್ಲಗೆ ನೀರಿನಿಂದ ಕೈ ತೆಗೆದ:
ರಬ್ಬರ್ ಗ್ಲೌಸಿನ ತೋರುಬೆರಳಲ್ಲಿ ತೂತು.
ನೀರು ಮತ್ತೆ ಕನ್ನಡಿಯಾಯಿತು.
ಎತ್ತೋಣವೇ, ಎಂದರು ಭಾಠೇನಾ, ಗುಜರಾತಿಯಲ್ಲಿ.
ಇನ್ನೂ ಹತ್ತು ನಿಮಿಷ ಇರಲಿ, ಎಂದೆ.
ಹತ್ತು ಎಂದವಳು ಹನ್ನೊಂದು ಎಣಿಸಿದೆ.